ಜಾಝ್ ಕೇಳುವಾಗ ದಾರಿ ತಪ್ಪುವುದು ಎಲ್ಲಿ?

ಪ್ರಶ್ನೆ: ನಾನು ಶಿವಮೊಗ್ಗದವಳು. ನಿವೃತ್ತ ಹೈಸ್ಕೂಲ್ ಟೀಚರ್, 61 ವರ್ಷ. ಚಿಕ್ಕಂದಿನಲ್ಲಿ ಎಂಟು ವರ್ಷ ವೀಣೆ ಕಲಿತಿದ್ದೆ, ಈಗಲೂ ಕಛೇರಿಗಳಿಗೆ ತಪ್ಪದೆ ಹೋಗುತ್ತೇನೆ. ಹೋದ ವರ್ಷ ತೀರಿಕೊಂಡ ನಮ್ಮಣ್ಣನಿಗೆ ಜಾಝ್ ಹುಚ್ಚು. ಅವರು 1988ರಲ್ಲಿ ಅಮೆರಿಕದಿಂದ ತಂದಿದ್ದ, ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ ‘ಕೈಂಡ್ ಆಫ್ ಬ್ಲೂ’ ಸಿಡಿ ಈಗ ನನ್ನ ಹತ್ತಿರ ಇದೆ. ಅಣ್ಣ ಇದರಲ್ಲಿ ಏನು ಕೇಳುತ್ತಿದ್ದರು ಅಂತ ತಿಳಿಯುವ ಆಸೆಯಿಂದ ಹತ್ತು ಹದಿನೈದು ಸಲ ಹಾಕಿದ್ದೇನೆ. ಮೊದಲ ಎರಡು ನಿಮಿಷ ಇಷ್ಟವಾಗುತ್ತೆ. ಆಮೇಲೆ ಎಲ್ಲಿದ್ದೇನೆ ಅಂತಲೇ ಗೊತ್ತಾಗಲ್ಲ. ಇವರು ಮನಸ್ಸಿಗೆ ಬಂದ ಹಾಗೆ ನುಡಿಸುತ್ತಾರಾ? ಇನ್ನೊಂದು ವಿಚಿತ್ರ. ಮೊದಲ ಹಾಡಿಗೆ ನನ್ನ ಶ್ರುತಿ ಪೆಟ್ಟಿಗೆ ಹಾಕಿ ನೋಡಿದೆ. ಫೋನಿನಲ್ಲಿ ಕೇಳಿದರೆ ಎರಡು ಮನೆ ಶ್ರುತಿಗೆ ಸರಿಯಾಗಿ ಕೂರುತ್ತೆ. ಅಣ್ಣನ ಸಿಡಿಯಲ್ಲಿ ಮಾತ್ರ ಸ್ವಲ್ಪ ಮೇಲಿದೆ. ನನ್ನ ಕಿವಿ ಕೆಟ್ಟಿದೆಯಾ? ಪರಿಚಯದವರೊಬ್ಬರು ‘1959ರ ಒರಿಜಿನಲ್ ಎಲ್‌ಪಿ ಕೇಳದಿದ್ದರೆ ಕೇಳಿದ ಹಾಗೇ ಅಲ್ಲ’ ಅಂದು 22,000 ರೂಪಾಯಿಗೆ ಒಂದು ಕೊಡಿಸುತ್ತೇನೆ ಅನ್ನುತ್ತಿದ್ದಾರೆ. ತೀರಾ ಹಳೆಯ 1920ರ ದಶಕದ ರೆಕಾರ್ಡುಗಳನ್ನೂ ಕೇಳಿ ನೋಡಿದೆ, ಬರೀ ಕರಕರ. ಈ ವಯಸ್ಸಿನಲ್ಲಿ ಪಾಶ್ಚಾತ್ಯ ಸಂಗೀತದ ಥಿಯರಿ ಕಲಿಯಲೇಬೇಕಾ?

ಉತ್ತರ: ಮೊದಲು ಕಿವಿಯ ವಿಷಯ ಮುಗಿಸೋಣ. ನಿಮ್ಮ ಕಿವಿ ಕೆಟ್ಟಿಲ್ಲ ಮೇಡಂ. ಕೆಟ್ಟಿದ್ದು 1959ರಲ್ಲಿ ನ್ಯೂಯಾರ್ಕಿನ ಒಂದು ಟೇಪ್ ಮಷೀನು.

ಈ ಆಲ್ಬಂ ರೆಕಾರ್ಡ್ ಆದದ್ದು ಎರಡು ದಿನ. 1959ರ ಮಾರ್ಚ್ 2 ಮತ್ತು ಏಪ್ರಿಲ್ 22. ಜಾಗ, ಕೊಲಂಬಿಯಾ ಕಂಪನಿಯ 30ನೇ ಬೀದಿಯ ಸ್ಟುಡಿಯೋ. ಅದು ಮೊದಲು ಚರ್ಚ್ ಆಗಿದ್ದ ಕಟ್ಟಡ. ಮಾರ್ಚ್ 2ರಂದು ಮುಖ್ಯ ಟೇಪ್ ಮಷೀನು ಇರಬೇಕಾದ ವೇಗಕ್ಕಿಂತ ಒಂಚೂರು ನಿಧಾನವಾಗಿ ಓಡುತ್ತಿತ್ತು. ನಿಧಾನಕ್ಕೆ ಓಡಿದ ಟೇಪನ್ನು ಆಮೇಲೆ ಸರಿಯಾದ ವೇಗದಲ್ಲಿ ಹಾಕಿದರೆ ಎಲ್ಲವೂ ಸ್ವಲ್ಪ ಬೇಗ ಓಡುತ್ತೆ, ಶ್ರುತಿ ಮೇಲೇರುತ್ತೆ. ಆ ದಿನ ರೆಕಾರ್ಡ್ ಆದ ಮೂರು ಹಾಡುಗಳು, ಅಂದರೆ ‘ಸೋ ವಾಟ್’, ‘ಫ್ರೆಡ್ಡಿ ಫ್ರೀಲೋಡರ್’, ‘ಬ್ಲೂ ಇನ್ ಗ್ರೀನ್’, ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹಾಗೇ ಮಾರಾಟವಾದವು. ಪಕ್ಕದಲ್ಲಿ ಓಡುತ್ತಿದ್ದ ಇನ್ನೊಂದು ಮಷೀನಿನ ಟೇಪು ಸರಿಯಾದ ವೇಗದಲ್ಲಿತ್ತು. ಅದನ್ನು ಬಳಸಿ ಸರಿಪಡಿಸಿದ್ದು 1990ರ ದಶಕದಲ್ಲಿ. ನಿಮ್ಮಣ್ಣ ಸಿಡಿ ತಂದದ್ದು 1988ರಲ್ಲಿ. ನೀವು ಫೋನಿನಲ್ಲಿ ಕೇಳುತ್ತಿರುವುದು ಸರಿಪಡಿಸಿದ ಪ್ರತಿ. ವ್ಯತ್ಯಾಸ ಅರ್ಧ ಮನೆಗಿಂತಲೂ ಕಡಿಮೆ. ಅಷ್ಟನ್ನು ಶ್ರುತಿ ಪೆಟ್ಟಿಗೆ ಇಟ್ಟು ಹಿಡಿದಿದ್ದೀರಿ. ನಾನು ಇಪ್ಪತ್ತೆರಡು ವರ್ಷದಿಂದ ಧ್ವನಿಮುದ್ರಣದ ಕೆಲಸ ಮಾಡುತ್ತಿದ್ದೇನೆ. ಇದನ್ನು ಯಾರೋ ಹೇಳಿದ ಮೇಲಷ್ಟೇ ಗಮನಿಸಿದವರೇ ನನಗೆ ಗೊತ್ತಿರುವವರಲ್ಲಿ ಜಾಸ್ತಿ. ಅವರಲ್ಲಿ ನಾನೂ ಒಬ್ಬ.

ನನ್ನ ಮಾತು ನಂಬಬೇಕಿಲ್ಲ, ನೀವೇ ನೋಡಿ. ಅದೇ ಸಿಡಿಯ ನಾಲ್ಕನೇ ಹಾಡು ‘ಆಲ್ ಬ್ಲೂಸ್’ ಹಾಕಿ. ಅದು ಏಪ್ರಿಲ್ 22ರದ್ದು, ಅವತ್ತು ಮಷೀನು ಸರಿಯಿತ್ತು. ಶ್ರುತಿ ಪೆಟ್ಟಿಗೆಯನ್ನು ಐದು ಮನೆಗೆ ಇಡಿ. ಸಿಡಿಗೂ ಹೊಂದುತ್ತೆ, ಫೋನಿಗೂ ಹೊಂದುತ್ತೆ. ಮೊದಲ ಹಾಡಿನ ಒಟ್ಟು ಸಮಯವನ್ನೂ ಎರಡು ಕಡೆ ಹೋಲಿಸಿ. ಸಿಡಿಯಲ್ಲಿ ಕೆಲವು ಸೆಕೆಂಡು ಕಡಿಮೆ ಇರುತ್ತೆ.

ಈಗ ನಿಮ್ಮ ನಿಜವಾದ ಚಿಂತೆಗೆ ಬರೋಣ. ಎರಡು ನಿಮಿಷದ ನಂತರ ದಾರಿ ತಪ್ಪುತ್ತೆ, ಹಾಗಾಗಿ ಇದು ಮನಸ್ಸಿಗೆ ಬಂದ ಹಾಗೆ ನುಡಿಸುವುದಿರಬೇಕು ಅನ್ನುವ ಅನುಮಾನ. ಈ ಅನುಮಾನ ತುಂಬಾ ಜನಕ್ಕಿದೆ. ಜಾಝ್ ಅಭಿಮಾನಿಗಳೇ ‘ಸುಮ್ನೆ ಕಣ್ಣು ಮುಚ್ಚಿ ಅನುಭವಿಸಿ’ ಅಂತ ಹೇಳಿ ಅದನ್ನು ಬೆಳೆಸಿದ್ದಾರೆ. ಕಣ್ಣು ಮುಚ್ಚಿದರೆ ನಿದ್ದೆ ಬರುತ್ತೆ ಅಷ್ಟೇ. 1950ರ ದಶಕದ ಇಂಥ ರೆಕಾರ್ಡಿಂಗುಗಳಲ್ಲಿ ಸ್ವರ ಮನೋಧರ್ಮದ್ದು, ನಿಜ. ಆದರೆ ಅದರ ಕೆಳಗೆ ಒಂದು ಆವರ್ತನ ಸುತ್ತುತ್ತಲೇ ಇರುತ್ತೆ. ಅದನ್ನು ಯಾರೂ ಮುರಿಯುವ ಹಾಗಿಲ್ಲ. ಕಲ್ಪನಾಸ್ವರ ಹಾಕುವವರು ಎಲ್ಲಿ ಬೇಕಾದರೂ ಹೋಗಿ ಎತ್ತುಗಡೆಗೆ ಬಂದು ಸೇರಲೇಬೇಕಲ್ವಾ, ಹಾಗೆ. ಇಲ್ಲಿ ಆವರ್ತನ ಬಹಳ ಉದ್ದ, ಮತ್ತು ಕೈಯಲ್ಲಿ ತಾಳ ಹಾಕಿ ಯಾರೂ ತೋರಿಸುವುದಿಲ್ಲ. ಕಷ್ಟ ಇರುವುದು ಅಲ್ಲಿ.

ಈ ಉದ್ದ ಆವರ್ತನಕ್ಕೆ ಜಾಝ್‌ನವರು ‘ಕೋರಸ್’ ಅನ್ನುತ್ತಾರೆ. ನಮ್ಮಲ್ಲಿ ಕೋರಸ್ ಅಂದರೆ ಗುಂಪಿನಲ್ಲಿ ಹಾಡುವುದು, ಅದು ಬೇರೆ. ‘ಸೋ ವಾಟ್’ನ ಒಂದು ಕೋರಸ್ 32 ಬಾರ್, ಒಂದು ಬಾರ್‌ಗೆ ನಾಲ್ಕು ಎಣಿಕೆ. ಬಾರ್ ಎಣಿಸುವ ಉಸಾಬರಿ ನಿಮಗೆ ಬೇಡ. ಒಂದು ಎಣಿಕೆಗೆ ಒಂದು ಅಕ್ಷರದಂತೆ ಆದಿತಾಳ ಹಾಕಿ. ಎರಡು ಬಾರ್‌ಗೆ ಒಂದು ಆದಿತಾಳ. ಇಡೀ ಕೋರಸ್ ಹದಿನಾರು ಆವರ್ತ, ನಾಲ್ಕು ನಾಲ್ಕರ ನಾಲ್ಕು ಭಾಗ. ಮೊದಲನೆಯದು, ಎರಡನೆಯದು, ನಾಲ್ಕನೆಯದು ಒಂದೇ ಥರ. ಮೂರನೆಯದು ಮಾತ್ರ ಬೇರೆ. ಆ ಮೂರನೆಯದಕ್ಕೆ ‘ಬ್ರಿಡ್ಜ್’ ಅಂತ ಹೆಸರು.

ಬೇರೆ ಅಂದರೆ ಏನು? ಮೊದಲ ಎಂಟು ಆವರ್ತ ಎಲ್ಲರೂ ಎರಡು ಮನೆಯನ್ನು ಷಡ್ಜ ಮಾಡಿಕೊಂಡು ಒಂದೇ ಸ್ವರಗುಚ್ಛದಲ್ಲಿ ಓಡಾಡುತ್ತಾರೆ. ಪಾಶ್ಚಾತ್ಯರು ಅದಕ್ಕೆ ಡೋರಿಯನ್ ಅನ್ನುತ್ತಾರೆ. ನಿಮಗೆ ಖರಹರಪ್ರಿಯದ ಸ್ವರಸ್ಥಾನಗಳು ಅಂದರೆ ಸಾಕು. ಬ್ರಿಡ್ಜ್ ಬಂದಾಗ ಷಡ್ಜವೇ ಎರಡೂವರೆ ಮನೆಗೆ ಏರುತ್ತೆ. ಸ್ವರಗಳ ಅಂತರ ಅದೇ, ಇಡೀ ಮನೆಯನ್ನೇ ಎತ್ತಿ ಪಕ್ಕದಲ್ಲಿಟ್ಟ ಹಾಗೆ. ವೀಣೆಯಲ್ಲಿ ಕೈಯನ್ನು ಇಡಿಯಾಗಿ ಒಂದು ಮೆಟ್ಟು ಮುಂದಕ್ಕೆ ಸರಿಸಿ ಅದನ್ನೇ ನುಡಿಸಿದಂತೆ. ನಾಲ್ಕು ಆವರ್ತ ಅಲ್ಲಿದ್ದು ಮತ್ತೆ ಎರಡು ಮನೆಗೆ ಇಳಿಯುತ್ತಾರೆ.

ನಮ್ಮ ಕಛೇರಿಯಲ್ಲಿ ಹೀಗೆ ಆಗುವುದೇ ಇಲ್ಲ. ತಂಬೂರಿ ಶುರುವಾದ ಮೇಲೆ ಆಧಾರ ಶ್ರುತಿ ಕದಲುವುದಿಲ್ಲ. ಆದ್ದರಿಂದ ನಮ್ಮ ಕಿವಿಗೆ ಆ ಕದಲಿಕೆಯನ್ನು ಹುಡುಕುವ ಅಭ್ಯಾಸ ಇಲ್ಲ. ಅದನ್ನು ಹುಡುಕಲು ನಿಮ್ಮ ಹತ್ತಿರವೇ ಒಳ್ಳೆಯ ಉಪಕರಣ ಇದೆ. ಫೋನಿನ ಪ್ರತಿಯನ್ನು ಹಾಕಿ, ಶ್ರುತಿ ಪೆಟ್ಟಿಗೆಯನ್ನು ಎರಡು ಮನೆ, ಸ–ಪಕ್ಕೆ ಇಟ್ಟು ಸಣ್ಣ ದನಿಯಲ್ಲಿ ಬಿಡಿ. ಆದಿತಾಳ ಹಾಕುತ್ತಾ ಕೂತಿರಿ. ಎಂಟು ಆವರ್ತ ಪೆಟ್ಟಿಗೆ ಹಾಡಿನ ಜೊತೆ ಬೆರೆತು ಹೋಗಿರುತ್ತೆ. ಒಂಬತ್ತನೆಯದಕ್ಕೆ ಕಾಲಿಟ್ಟ ಕೂಡಲೇ ಕಚ್ಚಾಡುತ್ತೆ. ಹಲ್ಲು ಜುಮ್ಮೆನ್ನುವಷ್ಟು. ಅದೇ ಬ್ರಿಡ್ಜ್. ನಾಲ್ಕು ಆವರ್ತ ಕಳೆದ ಮೇಲೆ ಜಗಳ ತಾನಾಗಿ ನಿಲ್ಲುತ್ತೆ. ನಾಲ್ಕಾರು ಸಲ ಹೀಗೆ ಮಾಡಿ ಪೆಟ್ಟಿಗೆ ಆಫ್ ಮಾಡಿ. ಪೆಟ್ಟಿಗೆ ಇಲ್ಲದಿದ್ದರೂ ಬ್ರಿಡ್ಜ್ ಬಂದಾಗ ಬೆಳಕು ಬದಲಾದ ಹಾಗೆ ಅನ್ನಿಸತೊಡಗುತ್ತೆ.

ಶುರು ಮಾಡುವುದು ಹೀಗೆ. ಮೊದಲ ಅರ್ಧ ನಿಮಿಷ ಪಿಯಾನೊ ಮತ್ತು ಬೇಸ್ (ಕೆಳಸ್ಥಾಯಿಯ ದೊಡ್ಡ ತಂತಿವಾದ್ಯ) ಲಯವಿಲ್ಲದೆ ತಡಕಾಡುವಂಥ ಒಂದು ಪೀಠಿಕೆ. ಅದಕ್ಕೆ ತಾಳ ಹಾಕಬೇಡಿ. ಆಮೇಲೆ ಬೇಸ್ ಒಂದು ಪ್ರಶ್ನೆ ಕೇಳುತ್ತೆ, ಎರಡೇ ಏಟಿನ ಉತ್ತರ ಬರುತ್ತೆ, ಮೊದಲು ಪಿಯಾನೊದಿಂದ, ಆಮೇಲೆ ಮೂರು ಊದುವ ವಾದ್ಯಗಳಿಂದ. ‘ಸೋ… ವಾಟ್’ ಅಂದ ಹಾಗೇ ಕೇಳಿಸುತ್ತೆ. ಈ ಪ್ರಶ್ನೋತ್ತರ ಸರಿಯಾಗಿ ಒಂದು ಕೋರಸ್, ಹದಿನಾರು ಆವರ್ತ. ಇಲ್ಲಿ ಬ್ರಿಡ್ಜ್ ಹಿಡಿಯುವುದು ತುಂಬಾ ಸುಲಭ, ಬೇಸ್ ಅದೇ ಪ್ರಶ್ನೆಯನ್ನು ಅರ್ಧ ಮನೆ ಮೇಲಿಂದ ಕೇಳುತ್ತೆ. ಒಂದೂವರೆ ನಿಮಿಷದ ಹೊತ್ತಿಗೆ ಸಿಂಬಲ್ ಮೇಲೆ ಒಂದು ದೊಡ್ಡ ಏಟು ಬಿದ್ದು ಅದರ ಝೇಂಕಾರ ಹರಡುತ್ತೆ. ಡ್ರಮ್ಮರ್ ಜಿಮ್ಮಿ ಕಾಬ್ ಅವರ ಏಟು ಅದು. ಮೈಲ್ಸ್ ಟ್ರಂಪೆಟ್ ಅಲ್ಲಿಂದ ಶುರು. ಆ ಏಟಿನ ಮೇಲೆ ಮತ್ತೆ ಮೊದಲ ಆವರ್ತ ಎಣಿಸಿ.

ಮೈಲ್ಸ್ ಎರಡು ಕೋರಸ್, ಆಮೇಲೆ ಟೆನರ್ ಸ್ಯಾಕ್ಸೊಫೋನಿನಲ್ಲಿ ಜಾನ್ ಕೋಲ್ಟ್ರೇನ್ ಎರಡು, ಆಲ್ಟೊ ಸ್ಯಾಕ್ಸೊಫೋನಿನಲ್ಲಿ ಕ್ಯಾನನ್‌ಬಾಲ್ ಆ್ಯಡರ್ಲಿ ಎರಡು, ಪಿಯಾನೊದಲ್ಲಿ ಬಿಲ್ ಇವಾನ್ಸ್ ಒಂದು. ಒಂದೊಂದು ಕೋರಸ್ ಒಂದು ನಿಮಿಷಕ್ಕಿಂತ ಸ್ವಲ್ಪ ಕಡಿಮೆ. ನಾಲ್ಕು ಜನರ ಸರದಿಯಲ್ಲಿ ಒಟ್ಟು ಏಳು ಬ್ರಿಡ್ಜ್.

ನೀವು ಎಲ್ಲಿ ತಪ್ಪುತ್ತೀರಿ ಅಂತ ಈಗ ಹೇಳಬಲ್ಲೆ. ಒಂದು ಬ್ರಿಡ್ಜ್ ಮುಗಿದ ಮೇಲೆ ಆ ಕೋರಸ್ಸಿನ ಕೊನೆಯ ಭಾಗ ಬರುತ್ತೆ, ಅದರ ಬೆನ್ನಿಗೇ ಮುಂದಿನ ಕೋರಸ್ಸಿನ ಮೊದಲೆರಡು ಭಾಗ. ಮೂರೂ ಒಂದೇ ಥರ! ಅಂದರೆ ಹನ್ನೆರಡು ಆವರ್ತ ಯಾವ ಗುರುತುಕಲ್ಲೂ ಇಲ್ಲದ ಬಯಲು. ಎರಡು ನಿಮಿಷ ದಾಟಿದ ಮೇಲೆ, ಮೈಲ್ಸ್ ಒಂದನೇ ಕೋರಸ್ಸಿನಿಂದ ಎರಡನೆಯದಕ್ಕೆ ಜಾರುವ ಜಾಗ ಅದು. ವೃತ್ತಿಯವರೇ ಅಲ್ಲಿ ಎಣಿಕೆ ಬಿಟ್ಟದ್ದನ್ನು ಎಷ್ಟೋ ಸಲ ನೋಡಿದ್ದೇನೆ. ತಪ್ಪಿದರೆ ಗಾಬರಿ ಬೇಡ, ಮುಂದಿನ ಬ್ರಿಡ್ಜಿಗೆ ಕಾಯಿರಿ. ಅದು ಒಂಬತ್ತನೇ ಆವರ್ತ ಅಂತ ತಿಳಿದು ಮತ್ತೆ ಹತ್ತಿಕೊಳ್ಳಿ.

ತಾಳ ಹಾಕುವಾಗ ಒಂದು ಇರಿಸುಮುರಿಸು ಆಗುತ್ತೆ, ಮೊದಲೇ ಹೇಳಿಬಿಡುತ್ತೇನೆ. ನೀವು ತೊಡೆ ತಟ್ಟುವುದು ಒಂದು, ಐದು, ಏಳಕ್ಕೆ. ಡ್ರಮ್ಮರ್ ಕಾಲಿನಲ್ಲಿ ಒತ್ತುವ ಜೋಡಿ ತಾಳ, ಅದಕ್ಕೆ ಹೈ-ಹ್ಯಾಟ್ ಅನ್ನುತ್ತಾರೆ, ಅದು ‘ಚಿಕ್’ ಅನ್ನುವುದು ಎರಡು, ನಾಲ್ಕು, ಆರು, ಎಂಟಕ್ಕೆ. ಅಂದರೆ ನಿಮ್ಮ ಕಿರುಬೆರಳು, ನಡುಬೆರಳು, ಮತ್ತು ಎರಡು ಸಲ ಅಂಗೈ ಮಗುಚುವ ಜಾಗ. ನಾವು ಒತ್ತು ಕೊಡುವ ಕಡೆ ಅವರು ಸುಮ್ಮನಿರುತ್ತಾರೆ, ನಾವು ಹಗುರ ಮಾಡುವ ಕಡೆ ಅವರು ಮುಟ್ಟುತ್ತಾರೆ. ಮೊದಮೊದಲು ಕೈ ತಪ್ಪಿದ ಹಾಗೆ ಅನ್ನಿಸುತ್ತೆ. ಕೈ ಸರಿಯಾಗಿಯೇ ಇದೆ. ಒಂದು ವಾರ ಕಳೆದರೆ ಆ ಕಿರುಬೆರಳಿನ ‘ಚಿಕ್’ಗಾಗಿಯೇ ಕಾಯುತ್ತೀರಿ.

ಇನ್ನು ಯಾವುದರಲ್ಲಿ ಕೇಳುತ್ತೀರಿ ಅನ್ನುವುದು. ಫೋನಿನ ಸ್ಪೀಕರಿನಲ್ಲೇ ಕೇಳುತ್ತಿದ್ದರೆ ಅರ್ಧ ತೊಂದರೆ ಅದರದ್ದೇ. ಇಡೀ ಹಾಡಿನಲ್ಲಿ ನಡಿಗೆ ತಪ್ಪದೆ ಎಣಿಕೆ ಹಿಡಿದಿರುವವರು ಡಬಲ್ ಬೇಸ್ ನುಡಿಸುವ ಪಾಲ್ ಚೇಂಬರ್ಸ್. ಒಂದು ಎಣಿಕೆಗೆ ಒಂದು ಸ್ವರದಂತೆ ಹೆಜ್ಜೆ ಹಾಕುತ್ತಾರೆ, ಇದಕ್ಕೆ ‘ವಾಕಿಂಗ್ ಬೇಸ್’ ಅಂತಲೇ ಹೆಸರು. ಆ ವಾದ್ಯದ ಅತಿ ಕೆಳಗಿನ ತಂತಿ ಸುಮಾರು 41 ಹರ್ಟ್ಸ್. ಅಂಗೈಯಗಲದ ಫೋನಿಗೆ ಅಷ್ಟು ಕೆಳಗಿನ ದನಿ ಹೊರಡಿಸಲು ಆಗುವುದೇ ಇಲ್ಲ. ಬೇಸ್ ಇಲ್ಲದೆ ಈ ಸಂಗೀತ ಕೇಳುವುದು ಮೃದಂಗ, ತಂಬೂರಿ ಎರಡನ್ನೂ ತೆಗೆದು ಕಛೇರಿ ಕೇಳಿದ ಹಾಗೆ. ದಾರಿ ತಪ್ಪದೆ ಇನ್ನೇನು? ಸಾಧಾರಣ ಹೆಡ್‌ಫೋನ್ ಸಾಕು. ಮೊದಲ ಮೂರು ನಾಲ್ಕು ಸಲ ಟ್ರಂಪೆಟ್ಟನ್ನು ಮರೆತು ಚೇಂಬರ್ಸ್ ಒಬ್ಬರ ಹಿಂದೆಯೇ ನಡೆಯಿರಿ. ಅಂದಹಾಗೆ ಎರಡನೇ ದಿನದ ರೆಕಾರ್ಡಿಂಗ್, ಏಪ್ರಿಲ್ 22, ಅವರ ಹುಟ್ಟಿದ ದಿನ. ಅವತ್ತಿಗೆ 24 ತುಂಬಿತು. 33ಕ್ಕೆ ತೀರಿಕೊಂಡರು.

ಬೇಸ್ ಹತ್ತಿದ ಮೇಲೆ ಸ್ಯಾಕ್ಸೊಫೋನುಗಳ ಕಡೆ ತಿರುಗಿ. ಎರಡು ಸ್ಯಾಕ್ಸೊಫೋನ್ ಬೇರೆ ಮಾಡಲು ಆಗಲ್ಲ ಅನ್ನುವುದು ನನ್ನ ಹತ್ತಿರ ಬರುವ ಮಾಮೂಲಿ ದೂರು. ಸ್ಟೀರಿಯೊ ಪ್ರತಿಯಲ್ಲಿ ಕೋಲ್ಟ್ರೇನ್ ಎಡಗಿವಿಗೆ, ಆ್ಯಡರ್ಲಿ ಬಲಗಿವಿಗೆ. ಉಲ್ಟಾ ಕೇಳಿಸಿದರೆ ಹೆಡ್‌ಫೋನ್ ತಿರುಗಿಸಿ ಹಾಕಿಕೊಂಡಿದ್ದೀರಿ. ಆಮೇಲೆ ಸ್ವಭಾವ. ಮೈಲ್ಸ್ ಎರಡು ಮಾತಾಡಿ ಸುಮ್ಮನಾಗುತ್ತಾರೆ. ಆ ಸುಮ್ಮನಿರುವಲ್ಲಿ ಬೇಸ್ ನಡೆಯುತ್ತಿರುತ್ತೆ, ಪಿಯಾನೊ ಒಂದು ಹನಿ ಉದುರಿಸುತ್ತೆ. ಅವರ ಸರದಿಯಲ್ಲಿ ಸ್ವರಗಳಿಗಿಂತ ಅವುಗಳ ನಡುವಿನ ಜಾಗ ಜಾಸ್ತಿ. ಕೋಲ್ಟ್ರೇನ್ ಹಾಗಲ್ಲ. ಒಂದೇ ಮಾತನ್ನು ಹಿಡಿದು ಹಿಂದೆ ಮುಂದೆ ತಿರುಗಿಸಿ, ಕೆಳಗಿಂದ ಮೇಲಕ್ಕೆ ತೂರಿ, ಉಸಿರು ಸಾಲದ ಹಾಗೆ ವಾದಿಸುತ್ತಾರೆ. ಆ್ಯಡರ್ಲಿ ಬಂದ ಕೂಡಲೇ ಕೋಣೆಗೆ ಯಾರೋ ನಗುತ್ತಾ ಬಂದ ಹಾಗಾಗುತ್ತೆ. ಸ್ವರಗಳನ್ನು ಎಳೆದು ಬಾಗಿಸುತ್ತಾರೆ. ಗಮಕ ಕೇಳಿ ಬೆಳೆದವರಿಗೆ ಅವರೇ ಮೊದಲು ಹಿಡಿಸುವುದನ್ನು ನೋಡಿದ್ದೇನೆ. ನನಗೂ ಹಾಗೇ ಆಯಿತು. ಕೊನೆಗೆ ಇವಾನ್ಸ್ ಪಿಯಾನೊ ನುಡಿಸುವಾಗ ಊದುವವರು ಹಿಂದಿನಿಂದ ಆ ಎರಡೇಟಿನ ‘ಸೋ ವಾಟ್’ ಹಾಕುತ್ತಿರುತ್ತಾರೆ. ಉತ್ತರ ಅಲ್ಲೇ ಇದೆ, ಈ ಸಲ ಪ್ರಶ್ನೆ ಪಿಯಾನೊದ್ದು.

ಖರಹರಪ್ರಿಯ ಅಂದೆ. ಅದರಿಂದ ಒಂದು ಅಪಾಯವೂ ಇದೆ. ‘ಓಹೋ, ಮೈಲ್ಸ್ ರಾಗ ನುಡಿಸುತ್ತಿದ್ದಾರೆ’ ಅಂದುಕೊಂಡರೆ ನಿರಾಸೆ ಖಂಡಿತ. ಸ್ವರಸ್ಥಾನ ಹೊಂದಿದ್ದು ಕಾಕತಾಳೀಯ. ಅಲ್ಲಿ ಸಂಚಾರ ಇಲ್ಲ, ನಮ್ಮ ಜೀವಸ್ವರಗಳಿಲ್ಲ. ನಮ್ಮ ಗಮಕದ ಗಾಂಧಾರಕ್ಕೆ ಕಾದು ಕೂತರೆ ಅದು ಬರುವುದೇ ಇಲ್ಲ. ಅವರ ಆಟವೇ ಬೇರೆ. ಒಂದೇ ಹೊತ್ತಿಗೆ ಹಲವು ಸ್ವರ ಕೂಡಿಸಿದ ಕಾರ್ಡುಗಳು, ಅವುಗಳ ಬಣ್ಣ, ಲಯದ ಮುಂದೆ ಹಿಂದೆ ವಾಲುವ ರೀತಿ. ಸ್ವರಸ್ಥಾನದ ಗುರುತನ್ನು ಮನೆ ಹುಡುಕಲು ಬಳಸಿ, ಮನೆಯೊಳಗೆ ಹೋದ ಮೇಲೆ ಬಿಟ್ಟುಬಿಡಿ.

ಇನ್ನೊಂದು ದಂತಕಥೆ ನಿಮ್ಮ ಕಿವಿಗೂ ಬಿದ್ದಿರಬಹುದು. ಇಡೀ ಆಲ್ಬಂ ಒಂದೇ ಟೇಕಿನಲ್ಲಿ, ಪವಾಡದ ಹಾಗೆ ಆಯಿತು ಅನ್ನುವುದು. ಶುರು ಮಾಡಿ ನಿಲ್ಲಿಸಿದ್ದು, ಮತ್ತೆ ಶುರು ಮಾಡಿದ್ದು ಎಲ್ಲ ಟೇಪಿನಲ್ಲಿದೆ. ಕೊನೆ ಮುಟ್ಟಿದ ಮೊದಲ ಟೇಕನ್ನೇ ಹೆಚ್ಚಿನ ಹಾಡುಗಳಿಗೆ ಇಟ್ಟುಕೊಂಡರು ಅನ್ನುವುದು ನಿಜ. ಆದರೆ ‘ಫ್ಲೆಮೆಂಕೊ ಸ್ಕೆಚಸ್’ ಎರಡು ಸಲ ಪೂರ್ತಿ ನುಡಿಸಿದ್ದಾರೆ. ಇನ್ನೊಂದು ಟೇಕ್ ಈಗಿನ ಪ್ರತಿಗಳ ಕೊನೆಯಲ್ಲಿ ಸಿಗುತ್ತೆ. ಅದರಲ್ಲಿ ಐದು ಸ್ವರಗುಚ್ಛ ಸಾಲಾಗಿ ಕೊಟ್ಟು, ಪ್ರತಿಯೊಂದರಲ್ಲೂ ಎಷ್ಟು ಹೊತ್ತು ಇರಬೇಕು ಅನ್ನುವುದನ್ನು ನುಡಿಸುವವರಿಗೇ ಬಿಟ್ಟಿದ್ದಾರೆ. ಎರಡೂ ಟೇಕ್ ಬೆನ್ನುಬೆನ್ನಿಗೆ ಕೇಳಿದರೆ ಯಾವುದು ಮೊದಲೇ ಗೊತ್ತುಮಾಡಿದ್ದು, ಯಾವುದು ಆ ಕ್ಷಣದ್ದು ಅನ್ನುವುದು ನಿಚ್ಚಳವಾಗುತ್ತೆ. ಮನಸ್ಸಿಗೆ ಬಂದ ಹಾಗೆ ನುಡಿಸುತ್ತಾರಾ ಅನ್ನುವ ನಿಮ್ಮ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನ್ನ ಹತ್ತಿರ ಇಲ್ಲ. ಆದರೆ ಇದಕ್ಕೆ ‘ಸೋ ವಾಟ್’ ಪಳಗಿದ ಮೇಲೆ ಬನ್ನಿ.

ಎಲ್‌ಪಿ ವಿಷಯ. ಆ ಪರಿಚಯದವರು ಕೊಡಿಸುತ್ತೇನೆ ಅನ್ನುತ್ತಿರುವುದು ನಿಜಕ್ಕೂ 1959ರ ಒರಿಜಿನಲ್ ಆಗಿದ್ದರೆ ಅದರ ಮೊದಲ ಬದಿಯ ಶ್ರುತಿಯೂ ಅಣ್ಣನ ಸಿಡಿಯ ಹಾಗೇ ಮೇಲಿರುತ್ತೆ! ಆರಂಭದ ಕೆಲವು ಪ್ರತಿಗಳಲ್ಲಿ ಎರಡನೇ ಬದಿಯ ಎರಡು ಹಾಡುಗಳ ಹೆಸರೂ ಅದಲುಬದಲಾಗಿ ಅಚ್ಚಾಗಿದ್ದವು. ಸಂಗ್ರಹಕಾರರಿಗೆ ಇವೆಲ್ಲ ಪ್ರೀತಿಯ ವಿಷಯ, ನಿಮಗೆ ಬೇಕಿಲ್ಲ. ಒರಿಜಿನಲ್ ಅಲ್ಲದಿದ್ದರೆ ಹೇಗೂ 22,000 ಕೊಡುವ ಮಾತೇ ಇಲ್ಲ. ಹೊಸದಾಗಿ ಒತ್ತಿದ ಎಲ್‌ಪಿಗಳಲ್ಲಿ ಒಳ್ಳೆಯವೂ ಇವೆ. ಆದರೆ 1963ಕ್ಕಿಂತ ಹಿಂದಿನ ರೆಕಾರ್ಡಿಂಗುಗಳ ಹಕ್ಕು ಯೂರೋಪಿನಲ್ಲಿ ಮುಗಿದಿರುವುದರಿಂದ ಯಾರು ಬೇಕಾದರೂ ಅಚ್ಚು ಹಾಕಿ ಮಾರಬಹುದು. ಮೂಲ ಟೇಪಿನ ಮುಖವನ್ನೇ ನೋಡದೆ, ಸಿಡಿಯಿಂದಲೇ ಎತ್ತಿ ಎಲ್‌ಪಿ ಮಾಡಿದವೂ ಅವುಗಳಲ್ಲಿ ಸೇರಿವೆ. ಎಲ್‌ಪಿಗೆ ಇನ್ನೊಂದು ರೋಗ ಇದೆ, ನಿಮ್ಮಂಥ ಕಿವಿಗೆ ಅದು ಹಿಂಸೆ. ನಾನೊಮ್ಮೆ ಆಸೆಪಟ್ಟು ಪಿಯಾನೊ ಟ್ರಿಯೊ ಒಂದರ ರೆಕಾರ್ಡ್ ತಂದೆ. ನಡುವಿನ ತೂತು ಕೂದಲೆಳೆಯಷ್ಟು ಪಕ್ಕಕ್ಕಿತ್ತು. ತಟ್ಟೆ ಒಂದೊಂದು ಸುತ್ತು ಬಂದಾಗಲೂ ಪಿಯಾನೊ ಶ್ರುತಿ ಏರಿ ಇಳಿಯುತ್ತಿತ್ತು, ತೊಟ್ಟಿಲು ತೂಗಿದ ಹಾಗೆ. ಅಂಗಡಿಯವರು ವಾಪಸ್ ತಗೊಳ್ಳಲಿಲ್ಲ. ‘ಎಲ್‌ಪಿ ಅಂದ್ರೆ ಹಾಗೇ ಸಾರ್’ ಅಂದರು.

ಎಲ್‌ಪಿ ಆಡಿಸುವ ಯಂತ್ರ ಮನೆಯಲ್ಲಿ ಇಲ್ಲದಿದ್ದರೆ ಆ ಕಡೆ ಹೋಗಲೇಬೇಡಿ. ಸ್ಟ್ರೀಮಿಂಗ್ ಸಾಕು. ಎರಡು ಎಚ್ಚರಿಕೆ ಮಾತ್ರ. ಶಫಲ್ ಆಫ್ ಮಾಡಿ. ‘ಬೆಸ್ಟ್ ಆಫ್ ಜಾಝ್’ ಥರದ ಸಂಕಲನ ಬಿಟ್ಟು ಆಲ್ಬಮ್ಮನ್ನೇ ಹುಡುಕಿ ಹಾಕಿ. ಸಂಕಲನಗಳಲ್ಲಿ ಯಾರು ನುಡಿಸಿದ್ದಾರೆ, ಯಾವ ವರ್ಷ, ಯಾವ ಟೇಕ್ ಒಂದೂ ಇರುವುದಿಲ್ಲ. ಜಾಝ್‌ನಲ್ಲಿ ಯಾರು ನುಡಿಸಿದ್ದಾರೆ ಅನ್ನುವುದು ಗೊತ್ತಿಲ್ಲದಿದ್ದರೆ ಊಟದ ಅರ್ಧ ಹೋಯಿತು. ಈ ಆಲ್ಬಮ್ಮಿನಲ್ಲೇ ‘ಫ್ರೆಡ್ಡಿ ಫ್ರೀಲೋಡರ್’ಗೆ ಪಿಯಾನೊ ಇವಾನ್ಸ್ ಅವರದ್ದಲ್ಲ, ವಿಂಟನ್ ಕೆಲಿಯವರದ್ದು. ತಿಳಿದುಕೊಂಡು ಕೇಳಿದರೆ ಕೈ ಬದಲಾದದ್ದು ತಕ್ಷಣ ಗೊತ್ತಾಗುತ್ತೆ. ಕೆಲಿ ಕುಣಿಸುತ್ತಾರೆ, ಇವಾನ್ಸ್ ಯೋಚಿಸುತ್ತಾರೆ. ವೀಡಿಯೊ ತಾಣಗಳಲ್ಲಿ ಯಾರೋ ಏರಿಸಿದ ಪ್ರತಿಗಳ ವೇಗಕ್ಕೆ ಯಾವ ಖಾತ್ರಿಯೂ ಇಲ್ಲ, ಶ್ರುತಿ ಪೆಟ್ಟಿಗೆ ಪ್ರಯೋಗಕ್ಕೆ ಅವು ಬೇಡ.

1920ರ ದಶಕದ ಕರಕರ. ಇದರಲ್ಲಿ ನಿಮ್ಮ ಜೊತೆ ಪೂರ್ತಿ ಜಗಳ ಆಡಲಾರೆ, ಒಗ್ಗಲು ಹೊತ್ತು ಬೇಕು. ಆದರೆ ಯಾಕೆ ಹಾಗೆ ಅಂತ ತಿಳಿದರೆ ಸಹಿಸುವುದು ಸುಲಭ. 1925ರ ಹೊತ್ತಿಗೆ ಮೈಕ್ ಬರುವ ತನಕ ವಾದ್ಯದವರೆಲ್ಲ ಒಂದು ದೊಡ್ಡ ತುತ್ತೂರಿಯಂಥ ಕೊಳವೆಯ ಮುಂದೆ ನಿಂತು ನುಡಿಸಬೇಕಿತ್ತು. ದನಿಯ ಬಲದಿಂದಲೇ ಸೂಜಿ ಅಲುಗಿ ಮೇಣದ ಮೇಲೆ ಗೆರೆ ಕೊರೆಯುತ್ತಿತ್ತು. ಜೋರು ಡ್ರಮ್ ಬಿದ್ದರೆ ಸೂಜಿಯೇ ಹಾರುತ್ತೆ. ಹಾಗಾಗಿ 1923ರಲ್ಲಿ ಕಿಂಗ್ ಆಲಿವರ್ ತಂಡ ಇಂಡಿಯಾನಾದ ರಿಚ್ಮಂಡಿನಲ್ಲಿ ರೆಕಾರ್ಡ್ ಮಾಡಿದಾಗ ಡ್ರಮ್ಮರ್ ಬೇಬಿ ಡಾಡ್ಸ್ ಮರದ ತುಂಡು ತಟ್ಟಿದ್ದೇ ಹೆಚ್ಚು ಕೇಳಿಸುತ್ತೆ. ಅದನ್ನು ಕೇಳಿ ‘ಆ ಕಾಲದ ಡ್ರಮ್ ಹೀಗೇ ಇತ್ತು’ ಅಂದರೆ ತಪ್ಪಾಗುತ್ತೆ. ಅದು ಸೂಜಿಯ ಮಿತಿ, ಸಂಗೀತದ್ದಲ್ಲ. ಒಂದು ಬದಿಗೆ ಹಿಡಿಸುತ್ತಿದ್ದುದು ಮೂರು ನಿಮಿಷದ ಆಸುಪಾಸು, ಅದೂ ಅಷ್ಟೇ. ನಮ್ಮ ಹಳೆಯ ವಿದ್ವಾಂಸರ ತಟ್ಟೆಗಳನ್ನು ಕೇಳಿದ್ದೀರಲ್ಲ, ಕೃತಿಯನ್ನು ಓಡಿಸಿಕೊಂಡು ಹಾಡಿದಂತೆ ಇರುತ್ತೆ. ಅದೇ ಕಥೆ.

ಆ ಕಾಲದ್ದು ಒಂದನ್ನೇ ಕೇಳುವುದಾದರೆ ಲೂಯಿ ಆರ್ಮ್‌ಸ್ಟ್ರಾಂಗ್ 1928ರ ಜೂನ್ 28ರಂದು ಶಿಕಾಗೊದಲ್ಲಿ ನುಡಿಸಿದ ‘ವೆಸ್ಟ್ ಎಂಡ್ ಬ್ಲೂಸ್’ ಕೇಳಿ. ಮೈಕ್ ಬಂದ ಮೇಲಿನದ್ದು, ಹಾಗಾಗಿ ಅಷ್ಟು ಕಷ್ಟವಿಲ್ಲ. ಮೊದಲ ಹನ್ನೆರಡು ಸೆಕೆಂಡು ಟ್ರಂಪೆಟ್ ಒಂದೇ, ಲಯದ ಹಂಗಿಲ್ಲದೆ. ಆಮೇಲೆ ಹನ್ನೆರಡು ಬಾರ್‌ನ ಬ್ಲೂಸ್ ಅನ್ನುವ ಹಾಡಿನ ಚೌಕಟ್ಟು, ಅಂದರೆ ನಿಮ್ಮ ಲೆಕ್ಕದಲ್ಲಿ ಆರು ಆದಿತಾಳ. ಅರ್ಲ್ ಹೈನ್ಸ್ ಪಿಯಾನೊ ಮುಗಿದ ಮೇಲೆ ಆರ್ಮ್‌ಸ್ಟ್ರಾಂಗ್ ತಾರದಲ್ಲಿ ಒಂದು ಸ್ವರ ಹಿಡಿದು ನಿಲ್ಲುತ್ತಾರೆ. ಹೆಚ್ಚುಕಡಿಮೆ ನಾಲ್ಕು ಬಾರ್, ನಿಮ್ಮ ಎರಡು ಆವರ್ತ. ಕಾರ್ವೆ ಅಂದರೆ ಏನು ಅಂತ ಗೊತ್ತಿರುವವರಿಗೆ ಆಗ ಕರಕರ ಕೇಳಿಸುವುದಿಲ್ಲ. ಪ್ರತಿ ಆರಿಸುವಾಗ ಪೂರ್ತಿ ಕರಕರ ತೆಗೆದ ‘ಕ್ಲೀನ್’ ಪ್ರತಿ ಬೇಡ. ಕರಕರವನ್ನು ಉಜ್ಜಿ ತೆಗೆಯುವ ಸಾಫ್ಟ್‌ವೇರ್ ಜೊತೆಗೆ ಊದುವವರ ಉಸಿರನ್ನೂ ಉಜ್ಜಿಬಿಡುತ್ತೆ. ಉಳಿಯುವುದು ನೀರೊಳಗಿನ ಟ್ರಂಪೆಟ್. ಇದು ನನ್ನದೇ ವೃತ್ತಿಯವರು ಮಾಡುವ ಪಾಪ, ಹಿಂದೆ ನಾನೂ ಮಾಡಿದ್ದೇನೆ.

ಥಿಯರಿ ಕಲಿಯಬೇಕಾ? ಬೇಡ. ನಿಮಗೆ ತಾಳ ಗೊತ್ತು, ಶ್ರುತಿ ಗೊತ್ತು. ಜಾಝ್ ಕೇಳಲು ಕೂರುವ ಬಹಳ ಜನಕ್ಕೆ ಇವೆರಡೂ ಇರುವುದಿಲ್ಲ. ನೊಟೇಶನ್ ಓದಲು ಕಲಿತರೆ ಖುಷಿ ಇರಬಹುದು, ಕಣ್ಣಿಗೆ ಕೆಲಸ ಸಿಕ್ಕಿ ಕಿವಿ ಸೋಮಾರಿಯಾಗುವ ಸಾಧ್ಯತೆಯೂ ಇದೆ. ವಯಸ್ಸಿನ ಮಾತು ಬಂದದ್ದಕ್ಕೆ ಒಂದು ವಿಷಯ. ಅರವತ್ತರ ಮೇಲೆ ಕಿವಿಯ ಮೇಲ್‌ಸ್ಥಾಯಿ ನಿಧಾನವಾಗಿ ಮಂಕಾಗುವುದು ಸಹಜ. ಸಿಂಬಲ್ ಮರಳಿನ ಹಾಗೆ ಸಣ್ಣಗೆ ಕೇಳಿಸಬಹುದು. ಅದಕ್ಕಾಗಿ ಹೆಡ್‌ಫೋನ್ ವಾಲ್ಯೂಮ್ ಏರಿಸಬೇಡಿ, ಸಿಂಬಲ್ ಜೊತೆ ಟ್ರಂಪೆಟ್ಟೂ ಏರಿ ಕಿವಿಗೆ ಪೆಟ್ಟಾಗುತ್ತೆ. ಒಂದು ಕಿವಿಗೆ ಮಾತ್ರ ಕಡಿಮೆ ಕೇಳಿಸಿದರೆ ಡಾಕ್ಟರಿಗೆ ತೋರಿಸಿ.

ಇದಾದ ಮೇಲೆ ಏನು ಅಂತ ನೀವು ಕೇಳಿಲ್ಲ, ಆದರೂ ಎರಡು ಹೆಸರು ಹೇಳುತ್ತೇನೆ. ಅದೇ 1959ರ ‘ಟೇಕ್ ಫೈವ್’, ಡೇವ್ ಬ್ರೂಬೆಕ್ ತಂಡದ್ದು. ಐದೆಣಿಕೆ. ನಿಮ್ಮ ಕೈ ಖಂಡಚಾಪು ಹಾಕಲು ಓಡುತ್ತೆ, ತಡೆಯಿರಿ. ನಮ್ಮದು ಎರಡು, ಮೂರು. ಇವರದ್ದು ಮೂರು, ಎರಡು. ಜೋ ಮೊರೆಲೊ ಡ್ರಮ್ ಸೋಲೊ ನುಡಿಸುವಾಗ ಬ್ರೂಬೆಕ್ ಪಿಯಾನೊದಲ್ಲಿ ಒಂದೇ ತುಣುಕನ್ನು ಬಿಡದೆ ನುಡಿಸುತ್ತಿರುತ್ತಾರೆ. ತಬಲಾ ಸೋಲೊಗೆ ಹಾರ್ಮೋನಿಯಂನವರು ಲೆಹರಾ ಹಿಡಿದ ಹಾಗೆ. ಇನ್ನೊಂದು ಬಿಲ್ ಇವಾನ್ಸ್ ಟ್ರಿಯೊ, 1961ರ ಜೂನ್ 25ರ ಭಾನುವಾರ ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್ಬಿನಲ್ಲಿ ನುಡಿಸಿದ್ದು. ಗ್ಲಾಸು ತಾಕುವುದು, ಜನ ಹರಟುವುದು, ನಗುವುದು ಎಲ್ಲ ಕೇಳಿಸುತ್ತೆ. ಇಲ್ಲಿ ಬೇಸ್ ನುಡಿಸುವ ಸ್ಕಾಟ್ ಲಫಾರೊ ಚೇಂಬರ್ಸ್ ಹಾಗೆ ನಡೆಯುವುದಿಲ್ಲ, ಪಿಯಾನೊಗೆ ಎದುರುತ್ತರ ಕೊಡುತ್ತಾರೆ. ಹಾಗಾಗಿ ದಾರಿ ತಪ್ಪುವುದು ಖಂಡಿತ, ತಪ್ಪಲಿ ಬಿಡಿ. ಹನ್ನೊಂದು ದಿನದ ನಂತರ ಕಾರು ಅಪಘಾತದಲ್ಲಿ ಲಫಾರೊ ತೀರಿಕೊಂಡರು, 25 ವರ್ಷ.

ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್‌ನ ಟಿ.ಎ.ಎಸ್. ಮಣಿ, ಆರ್.ಎ. ರಮಾಮಣಿ ಅವರ ಜೊತೆ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮೇರಿಯಾನೊ ಮಾಡಿದ ‘ಜ್ಯೋತಿ’ ಅನ್ನುವ ಆಲ್ಬಂ ಇದೆ, 1983ರದ್ದು. ನಮ್ಮ ಲಯಕ್ಕೆ ಅವರು ಬಂದು ಕೂತ ರೆಕಾರ್ಡ್ ಅದು, ಚೆನ್ನಾಗಿದೆ. ಆದರೆ ಜಾಝ್ ಕಲಿಯಲು ಅದರಿಂದ ಶುರು ಮಾಡಬೇಡಿ. ನೆಂಟರ ಮನೆಗೆ ಹೋಗಿ ನಮ್ಮ ಮನೆ ಅಡುಗೆಯನ್ನೇ ಉಂಡು ಬಂದ ಹಾಗಾಗುತ್ತೆ.

ಕೊನೆಯದಾಗಿ ಆ ಸಿಡಿ. ಶ್ರುತಿ ತಪ್ಪಿದೆ ಅಂತ ಎತ್ತಿಡಬೇಡಿ. ನಿಮ್ಮಣ್ಣ ಅಷ್ಟು ವರ್ಷ ಕೇಳಿದ್ದು ಆ ಶ್ರುತಿಯಲ್ಲೇ, ಆ ವೇಗದಲ್ಲೇ. ಪೆಟ್ಟಿಗೆಯ ಫೈನ್ ಟ್ಯೂನಿಂಗ್ ಬಿರಡೆಯನ್ನು ಸ್ವಲ್ಪ ಏರಿಸಿದರೆ ಅದಕ್ಕೂ ಕೂರುತ್ತೆ. ಬ್ರಿಡ್ಜ್ ಬಂದಾಗ ಅಲ್ಲೂ ಹಾಗೇ ಕಚ್ಚಾಡುತ್ತೆ.